ಹೆರಿಗೆ ರಜೆ ಮುಗಿದ ಮೇಲೂ ಮಗುವಿಗೆ ಎದೆಹಾಲು

ನನ್ನ ಮನೆ ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಬದಿಯಡ್ಕದ ಹತ್ತಿರ. ಕೆಲಸ ಮಂಗಳೂರಿನ ಒಂದು ಆಫೀಸಿನಲ್ಲಿ, ಲೆಕ್ಕಪತ್ರ ನೋಡುವುದು. ಕುಂಬಳೆಗೆ ಒಂದು ಬಸ್, ಅಲ್ಲಿಂದ ಇನ್ನೊಂದು. ನಮ್ಮ ಕಡೆಯಿಂದ ಹೀಗೆ ಗಡಿ ದಾಟಿ ದುಡಿಯುವ ಹೆಂಗಸರು ಬೇಕಾದಷ್ಟು ಜನ ಇದ್ದಾರೆ. ರಜೆ ಮುಗಿಯುತ್ತಾ ಬಂದ ಹಾಗೆ ಎಲ್ಲರೂ ಕೇಳುವುದು ಒಂದೇ: ಇನ್ನು ಹಾಲು ಬಿಡಿಸಬೇಕಾ? ಖಂಡಿತ ಬೇಡ. ಆದರೆ ಎರಡು ಮೂರು ವಾರ ಮೊದಲೇ ತಯಾರಿ ಶುರುವಾಗಬೇಕು.

ಮೊದಲು ಆಫೀಸಿನಲ್ಲಿ ಮಾತಾಡಿ. ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ರಜೆ ಇದೆ, ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಿಂದ ಬಂದದ್ದು. ಇದು ಎಲ್ಲರಿಗೂ ಗೊತ್ತು. ಮಗುವಿಗೆ 15 ತಿಂಗಳು ತುಂಬುವವರೆಗೆ, ಊಟದ ಬಿಡುವಲ್ಲದೆ, ಹಾಲೂಡಿಸಲು ದಿನಕ್ಕೆ ಇನ್ನೆರಡು ಬಿಡುವು ಇದೆ ಅನ್ನುವುದು ಹೆಚ್ಚಿನವರಿಗೆ ಗೊತ್ತೇ ಇಲ್ಲ. ಮಗು ಊರಲ್ಲಿದ್ದರೆ ಹಾಲು ಹಿಂಡಲು ಆ ಬಿಡುವನ್ನೇ ಕೇಳಿ. ಜೊತೆಗೆ ಚಿಲಕ ಇರುವ ಒಂದು ಕೋಣೆ ಕೇಳಿ. ಟಾಯ್ಲೆಟ್‌ಗೆ ಮಾತ್ರ ಒಪ್ಪಬೇಡಿ. ನಾವು ಯಾರಾದರೂ ಅಲ್ಲಿ ಕೂತು ಊಟ ಮಾಡುತ್ತೇವಾ?

ಹಿಂಡಲು ಪಂಪ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಕೈ ಸಾಕು. ಸೋಪು ಹಾಕಿ ಕೈ ತೊಳೆದು, ಎದೆಯನ್ನು ಮೆತ್ತಗೆ ತಿಕ್ಕಿ. ಕಪ್ಪು ಭಾಗದ ಅಂಚಿನಿಂದ ಸ್ವಲ್ಪ ಹಿಂದೆ ಹೆಬ್ಬೆರಳು ಮೇಲೆ, ಉಳಿದ ಬೆರಳು ಕೆಳಗೆ ಇಡಿ. ಮೊದಲು ಪಕ್ಕೆಲುಬಿನ ಕಡೆಗೆ ಒತ್ತಿ, ಆಮೇಲೆ ಬೆರಳುಗಳನ್ನು ಒಂದಕ್ಕೊಂದು ಒತ್ತಿ, ಬಿಡಿ. ತೊಟ್ಟನ್ನು ಎಳೆಯಬೇಡಿ. ಮೊದಮೊದಲು ನಾಲ್ಕು ಹನಿ ಬಂದರೂ ಹೆದರಬೇಡಿ, ಅಭ್ಯಾಸವಾದ ಹಾಗೆ ಜಾಸ್ತಿ ಬರುತ್ತದೆ. ಆಫೀಸಿನಲ್ಲಿ ಸುಮಾರು ಮೂರು ಗಂಟೆಗೊಮ್ಮೆ ಹಿಂಡಿ. ಸುಮ್ನೆ ಬಿಟ್ಟರೆ ಎದೆ ಕಲ್ಲಿನ ಹಾಗಾಗಿ ಜ್ವರವೂ ಬರಬಹುದು, ಹಾಲೂ ಕಡಿಮೆಯಾಗುತ್ತದೆ.

ಮುಚ್ಚಳ ಗಟ್ಟಿ ಇರುವ ಸಣ್ಣ ಸ್ಟೀಲ್ ಅಥವಾ ಗಾಜಿನ ಡಬ್ಬಿಯಲ್ಲಿ, ಒಂದು ಹೊತ್ತಿಗೆ ಆಗುವಷ್ಟೇ ತುಂಬಿ, ತಾರೀಕು ಬರೆಯಿರಿ. 25 ಡಿಗ್ರಿ ಒಳಗಿದ್ದರೆ ಹೊರಗೆ 4 ಗಂಟೆ ಇಡಬಹುದು. ನಮ್ಮ ಸೆಖೆಗೆ ಆ ಲೆಕ್ಕ ನಡೆಯುವುದಿಲ್ಲ, ಕೂಡಲೇ ಫ್ರಿಜ್‌ಗೆ ಹಾಕಿ. ಬಾಗಿಲಲ್ಲಿ ಬೇಡ, ಒಳಗೆ ಹಿಂದುಗಡೆ ಇಟ್ಟರೆ 4 ದಿನ ಇರುತ್ತದೆ. ಫ್ರೀಜರ್‌ನಲ್ಲಿ 6 ತಿಂಗಳು. ಕರಗಿಸಿದ ಮೇಲೆ ಫ್ರಿಜ್‌ನಲ್ಲೇ ಇಟ್ಟು 24 ಗಂಟೆಯೊಳಗೆ ಮುಗಿಸಬೇಕು, ಮತ್ತೆ ಗಟ್ಟಿ ಮಾಡಬಾರದು. ಬಸ್ಸಿನಲ್ಲಿ ತರಲು ಐಸ್ ಪ್ಯಾಕ್ ಇಟ್ಟ ಬ್ಯಾಗ್ ಬೇಕೇ ಬೇಕು. ಜೂನ್ ಜುಲೈ ಮಳೆಗೆ ಕರೆಂಟ್ ಹೋಗುವುದು ನಮಗೆ ಹೊಸದಲ್ಲ. ಬಾಗಿಲು ತೆಗೆಯದಿದ್ದರೆ ಫ್ರಿಜ್ ಸುಮಾರು 4 ಗಂಟೆ ತಂಪು ಹಿಡಿದಿಡುತ್ತದೆ. ಇದನ್ನು ಮನೆಯವರಿಗೆಲ್ಲ ಹೇಳಿಡಿ.

ಮನೆಯಲ್ಲಿ ಕುಡಿಸುವವರಿಗೆ ಕಲಿಸುವುದು ಅರ್ಧ ಕೆಲಸ. ಒಂದು ಮಧ್ಯಾಹ್ನ ಅತ್ತೆ ಫೋನ್ ಮಾಡಿದರು. "ಹಾಲು ಒಡೆದ ಹಾಗಿದೆ, ಮೇಲೆ ಏನೋ ಕಟ್ಟಿಕೊಂಡಿದೆ. ಚೆಲ್ಲಲಾ?" "ಚೆಲ್ಲಬೇಡಿ ಅತ್ತೆ, ಅದು ಕೆನೆ. ಬಿಸಿನೀರಿನ ಪಾತ್ರೆಯಲ್ಲಿ ಡಬ್ಬಿ ಇಟ್ಟು ಮೆಲ್ಲ ತಿರುಗಿಸಿ, ಸರಿಯಾಗುತ್ತದೆ." ಗ್ಯಾಸ್ ಮೇಲೆ ಕಾಯಿಸುವುದು, ಮೈಕ್ರೋವೇವ್‌ನಲ್ಲಿಡುವುದು ಬೇಡ. ಮಗು ಬಾಟಲಿ ಮುಟ್ಟದಿದ್ದರೆ ಒಳಲೆ ಇದೆಯಲ್ಲ, ಅದರಲ್ಲಿ ಕುಡಿಸಲಿ. ಕುದಿಸಿ ತೊಳೆಯಲೂ ಸುಲಭ. ಮಗು ಕುಡಿದು ಬಿಟ್ಟ ಹಾಲನ್ನು ಎರಡು ಗಂಟೆಯ ಮೇಲೆ ಇಟ್ಟುಕೊಳ್ಳಬಾರದು. ನೀವು ಮನೆಯಲ್ಲಿರುವಾಗಲೇ ದಿನಕ್ಕೊಮ್ಮೆ ಅತ್ತೆಯೋ ಅಮ್ಮನೋ ಕುಡಿಸಲಿ, ಆಗ ನೀವು ಆಚೆ ಕೋಣೆಗೆ ಹೋಗಿ. ಅಮ್ಮನ ವಾಸನೆ ಬಂದರೆ ಮಗು ಒಳಲೆಗೆ ಬಾಯಿ ತೆರೆಯುವುದು ಕಷ್ಟ.

ಆರು ತಿಂಗಳು ತುಂಬಿದ ಮೇಲೆ ರಾಗಿ ಮಣ್ಣಿ, ಬಾಳೆಕಾಯಿ ಪುಡಿಯ ಮಣ್ಣಿ ಶುರುವಾಗುತ್ತದೆ. ನಮ್ಮ ಕೇರಳದ ಅಂಗನವಾಡಿಯಲ್ಲಿ ಮೂರು ವರ್ಷದವರೆಗೆ ಅಮೃತಂ ಪುಡಿ ಅನ್ನುವ ಪೌಷ್ಟಿಕ ಹಿಟ್ಟೂ ಸಿಗುತ್ತದೆ, ಹೆಸರು ಬರೆಸಿ. ಆಗ ಹಗಲಿನ ಹಾಲಿನ ಒತ್ತಡ ತಾನಾಗಿ ಇಳಿಯುತ್ತದೆ.

ಸಂಜೆ ಬಸ್ ಗಡಿಯ ತಲಪಾಡಿ ದಾಟಿದ ಕೂಡಲೇ ಮನೆಗೆ ಫೋನ್ ಮಾಡಿ, ಇನ್ನು ಏನೂ ಕುಡಿಸಬೇಡಿ ಅನ್ನಿ. ಮಗು ಹಸಿದಿದ್ದರೆ ನೀವು ಕೈಕಾಲು ತೊಳೆದು ಕೂತ ಕೂಡಲೇ ಎರಡೂ ಕಡೆ ಚೆನ್ನಾಗಿ ಕುಡಿಯುತ್ತದೆ. ರಾತ್ರಿಯೂ ಕೇಳಿದಾಗೆಲ್ಲ ಕೊಡಿ. ಮರುದಿನ ಹಿಂಡಲು ಹಾಲು ಬೇಕಾದಷ್ಟು ಬರುವುದು ಇದರಿಂದಲೇ.