ರಾಜ್ಯೋತ್ಸವದ ರಿಬ್ಬನ್ ಮತ್ತು ಒಂದು ಬಸ್ಸಿನ ಗಾಯಾಳುಗಳು

ನನ್ನ ತಪ್ಪಿನಿಂದಲೇ ಶುರು ಮಾಡುತ್ತೇನೆ.

ಹೆದ್ದಾರಿ ಪಕ್ಕದ ತಾಲೂಕು ಆಸ್ಪತ್ರೆಯಲ್ಲಿ ಕ್ಯಾಶುವಾಲ್ಟಿ ಡ್ಯೂಟಿ ಮಾಡುವ ಡಾಕ್ಟರ್ ನಾನು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಮದುವೆ ದಿಬ್ಬಣದ ಟೆಂಪೋ ಪಲ್ಟಿಯಾಗಿ 14 ಜನ ಒಟ್ಟಿಗೆ ಬಂದರು. ಮೊದಲು ಒಳಗೆ ನುಗ್ಗಿದವನು ತಲೆಯಿಂದ ರಕ್ತ ಸುರಿಸಿಕೊಂಡು ಆಸ್ಪತ್ರೆಯೇ ಹಾರಿಹೋಗುವ ಹಾಗೆ ಕೂಗುತ್ತಿದ್ದ. ನಾನು ಅವನ ತಲೆಗೆ ಹೊಲಿಗೆ ಹಾಕುತ್ತಾ ಕೂತೆ. ನೆತ್ತಿಯ ಗಾಯವೇ ಹಾಗೆ, ಸಣ್ಣದಿದ್ದರೂ ರಕ್ತ ಜಾಸ್ತಿ. ಅದೇ ಹೊತ್ತಿಗೆ ಗೋಡೆಗೆ ಒರಗಿ ಕೂತಿದ್ದ ಹಿರಿಯರೊಬ್ಬರು ಒಂದು ಮಾತೂ ಆಡಿರಲಿಲ್ಲ. ಯಾರೋ "ಮೇಡಂ, ಅಜ್ಜ ನೀರು ಕೇಳ್ತಾ ಇದ್ದಾರೆ" ಅಂದದ್ದು ಕಿವಿಗೆ ಬಿದ್ದಿತ್ತು. ಹೊಲಿಗೆ ಮುಗಿಸಿ ಹೋಗಿ ನೋಡಿದರೆ ಮೈ ತಣ್ಣಗಿತ್ತು, ನಾಡಿ ಸಿಗಲಿಲ್ಲ. ಹೊಟ್ಟೆಯೊಳಗೆ ರಕ್ತ ಸೋರಿತ್ತು. ಆ ಹೊಲಿಗೆ ಮಧ್ಯಾಹ್ನದವರೆಗೂ ಕಾಯಬಹುದಿತ್ತು.

ಟ್ರಯಾಜ್ ಅನ್ನುವುದನ್ನು ನಾನು ನಿಜವಾಗಿ ಕಲಿತದ್ದು ಅದಾದ ಮೇಲೆ. ಪದ ಫ್ರೆಂಚಿನದು, ವಿಂಗಡಿಸುವುದು ಅಂತ ಅರ್ಥ; ಯಾರಿಗೆ ಮೊದಲು ಚಿಕಿತ್ಸೆ, ಯಾರು ಕಾಯಬಹುದು ಅಂತ ಗಾಯಾಳುಗಳನ್ನು ಬೇರೆ ಮಾಡುವುದು. ನಾನು ಬಳಸುವುದು ಸ್ಟಾರ್ಟ್ ಅನ್ನುವ ಪದ್ಧತಿ, 1983ರಲ್ಲಿ ಕ್ಯಾಲಿಫೋರ್ನಿಯಾದ ನ್ಯೂಪೋರ್ಟ್ ಬೀಚ್‌ನ ಅಗ್ನಿಶಾಮಕ ದಳ ಮತ್ತು ಹೋಗ್ ಆಸ್ಪತ್ರೆಯವರು ಸೇರಿ ಮಾಡಿದ್ದು. ಮೆಷಿನ್ ಬೇಡ, ಬಿಪಿ ನೋಡುವುದೂ ಬೇಡ. ಒಬ್ಬರಿಗೆ ಅರ್ಧ ನಿಮಿಷ, ಹೆಚ್ಚೆಂದರೆ ಒಂದು.

ಕೆಲವು ವರ್ಷದ ನಂತರ ಒಂದು ಬೆಳಗಿನ ಜಾವ ಮೂರೂವರೆಗೆ 108ರವರ ಫೋನ್ ಬಂತು. ಸ್ಲೀಪರ್ ಬಸ್ ಪಲ್ಟಿ, ಮೂವತ್ತರ ಹತ್ತಿರ ಜನ. ಆಸ್ಪತ್ರೆಯಲ್ಲಿದ್ದದ್ದು ನಾನು, ಇಬ್ಬರು ಸಿಸ್ಟರ್, ಒಬ್ಬ ಗ್ರೂಪ್ ಡಿ ಅಣ್ಣ, ಗೇಟಿನಲ್ಲಿ ಸೆಕ್ಯುರಿಟಿ. ಕ್ವಾರ್ಟರ್ಸ್‌ನಲ್ಲಿದ್ದ ಸರ್ಜನ್ ಮತ್ತು ಅನಸ್ತೇಸಿಯಾ ಡಾಕ್ಟರನ್ನು ಎಬ್ಬಿಸಿದೆ. ಗಾಯಾಳುಗಳಿಗೆ ಕಟ್ಟುವ ಬಣ್ಣದ ಟ್ರಯಾಜ್ ಟ್ಯಾಗ್ ಇರಬೇಕಿತ್ತು, ಇರಲಿಲ್ಲ. ಕೆಂಪು ಅಂದರೆ ತಕ್ಷಣ ನೋಡಬೇಕಾದವರು, ಹಳದಿ ಸ್ವಲ್ಪ ಕಾಯಬಹುದಾದವರು, ಹಸಿರು ಸಣ್ಣ ಪೆಟ್ಟಿನವರು, ಕಪ್ಪು ಸತ್ತವರು ಅಥವಾ ಉಳಿಯುವ ಆಸೆ ಇಲ್ಲದವರು. ಸಿಸ್ಟರ್ ಬೀರು ತಡಕಾಡಿ ರಾಜ್ಯೋತ್ಸವಕ್ಕೆ ತಂದು ಉಳಿದಿದ್ದ ರಿಬ್ಬನ್ ಎರಡು ಉರುಳೆ ತಂದರು. ಅರಿಶಿನ, ಕುಂಕುಮ. ಹಳದಿ, ಕೆಂಪು ಆಯಿತು. ಹಸಿರಿಗೆ ಓಟಿಯ (ಆಪರೇಷನ್ ಥಿಯೇಟರಿನ) ಹಳೇ ಬಟ್ಟೆ ಹರಿದೆವು. ಕಪ್ಪಿಗೆ ಏನು ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಇಂಥ ಅಪಘಾತದಲ್ಲಿ ಸಾಮಾನ್ಯವಾಗಿ ಆಸ್ಪತ್ರೆಗೆ ಮೊದಲು ಬಂದು ಮುಟ್ಟುವವರು ಕಡಿಮೆ ಪೆಟ್ಟಿನವರು. ಅವರು ತಾವೇ ಕಿಟಕಿಯಿಂದ ಹೊರಗೆ ಬಂದು, ಸಿಕ್ಕ ಕಾರು, ಗೂಡ್ಸ್ ಆಟೋ ಹತ್ತಿ ಬಂದುಬಿಡುತ್ತಾರೆ. ಸೀಟಿನಡಿ ಸಿಕ್ಕಿಕೊಂಡವರನ್ನು ಬಿಡಿಸಿ ತರುವಷ್ಟರಲ್ಲಿ ಮಂಚ ಎಲ್ಲ ಮೊಣಕೈ ತರಚಿದವರಿಂದ ತುಂಬಿರುತ್ತದೆ. ಅದಕ್ಕೇ ಒಳಗಿನ ಆರು ಮಂಚ ಖಾಲಿ ಇಡಿ ಅಂತ ಸಿಸ್ಟರ್‌ಗೆ ಹೇಳಿ ನಾನು ಪೋರ್ಟಿಕೋದಲ್ಲಿ ನಿಂತೆ. ಹೊರಗೆ ರಕ್ತ ಒರೆಸಿಕೊಳ್ಳುವ ಜನ, ಒಳಗೆ ಖಾಲಿ ಮಂಚ, ನೋಡಿದವರಿಗೆ ಸಿಟ್ಟು ಬರದೆ ಇರುತ್ತಾ? ಬೈದರು. ಬೈಸಿಕೊಂಡೆ.

"ನಡೆಯೋಕೆ ಆಗೋರೆಲ್ಲ ಎದ್ದು ಓಪಿಡಿ ಕಡೆ ಹೋಗಿ" ಅಂತ ಗಂಟಲು ಹರಿಯುವ ಹಾಗೆ ಕೂಗಿದೆ. ಹದಿನೇಳು ಜನ ಎದ್ದು ಹೋದರು. ಹಸಿರು. ಒಂದೇ ಮಾತಿಗೆ ಅರ್ಧಕ್ಕಿಂತ ಜಾಸ್ತಿ ಕೆಲಸ ಮುಗಿದಿತ್ತು.

ಉಳಿದವರನ್ನು ಒಬ್ಬೊಬ್ಬರಾಗಿ ನೋಡುವುದು. ಉಸಿರು ನಿಮಿಷಕ್ಕೆ 30ಕ್ಕಿಂತ ಜಾಸ್ತಿಯಾ, ಕೆಂಪು. ಮಣಿಕಟ್ಟಿನಲ್ಲಿ ನಾಡಿ ಸಿಗುತ್ತಿಲ್ಲವಾ, ಕೆಂಪು. "ಕೈ ಹಿಡ್ಕೊಳ್ಳಿ, ಬಿಡಿ" ಅಂದರೆ ಹಾಗೆ ಮಾಡುವುದಿಲ್ಲವಾ, ಅದೂ ಕೆಂಪು. ಮೂರೂ ಸರಿ ಇದ್ದು ನಡೆಯಲು ಮಾತ್ರ ಆಗದಿದ್ದರೆ ಹಳದಿ. ತೊಡೆಮೂಳೆ ಮುರಿದು ಕಿರುಚುತ್ತಿದ್ದ ಹುಡುಗನಿಗೆ ಹಳದಿ ಕಟ್ಟಿ ಮುಂದೆ ಹೋದೆ. ಕಿರುಚುತ್ತಾನೆ ಅಂದರೆ ಅವನ ಉಸಿರಿನ ದಾರಿ ತೆರೆದಿದೆ. ಅವನ ಪಕ್ಕದಲ್ಲೇ ಶಾಲು ಹೊದ್ದು ಮಲಗಿದ್ದ ಹೆಂಗಸಿಗೆ ಒಂದು ಗೀರೂ ಇರಲಿಲ್ಲ, ಎದೆ ಮಾತ್ರ ನಾಯಿ ತೇಕುವ ಹಾಗೆ ಏರಿಳಿಯುತ್ತಿತ್ತು. ಪಕ್ಕೆಲುಬು ಮುರಿದು ಎದೆಗೂಡಿನಲ್ಲಿ ಗಾಳಿ ತುಂಬಿತ್ತು. ಅವರನ್ನು ಮೊದಲ ಮಂಚಕ್ಕೆ ಕಳಿಸಿದೆ.

ಕಷ್ಟದ ಭಾಗ ಯಾವುದು ಗೊತ್ತಾ? ಟ್ರಯಾಜ್ ಮಾಡುವವರು ಚಿಕಿತ್ಸೆ ಮಾಡಬಾರದು. ಉಸಿರಿನ ದಾರಿ ತೆರೆಯಬಹುದು, ಜೋರಾಗಿ ಹರಿಯುವ ರಕ್ತಕ್ಕೆ ಬಟ್ಟೆ ಒತ್ತಿ ಬಿಗಿಯಬಹುದು, ಅಷ್ಟೇ. ಕೈಗೆ ವೆನ್‌ಫ್ಲಾನ್ (ಡ್ರಿಪ್ ಹಾಕುವ ಸೂಜಿ) ಸಿಕ್ಕರೆ ಚುಚ್ಚಿಬಿಡೋಣ ಅನ್ನಿಸುತ್ತದೆ, ವರ್ಷಗಟ್ಟಲೆ ಅದನ್ನೇ ಮಾಡಿದ ಕೈ ಅಲ್ವಾ. ಅದಕ್ಕೆ ಒಂದು ಕೈಯಲ್ಲಿ ರಿಬ್ಬನ್, ಇನ್ನೊಂದರಲ್ಲಿ ಕತ್ತರಿ ಹಿಡಿದುಕೊಂಡಿದ್ದೆ.

ಒಬ್ಬ ಯುವಕನಿಗೆ ಉಸಿರಿರಲಿಲ್ಲ. ಗದ್ದ ಎತ್ತಿದೆ. ಇಲ್ಲ. ಇನ್ನೊಂದು ಸಲ ಎತ್ತಿ ಬಾಯಿ ಹತ್ತಿರ ಕೆನ್ನೆ ಇಟ್ಟು ಕಾದೆ. ಇಲ್ಲ. ಬೇರೆ ದಿನವಾಗಿದ್ದರೆ ಎದೆ ಒತ್ತಲು ಶುರು ಮಾಡಿ ನಾಲ್ಕು ಜನ ಅರ್ಧ ಗಂಟೆ ಅವನ ಸುತ್ತ ಇರುತ್ತಿದ್ದೆವು. ಅವತ್ತು ಎದ್ದೆ. ಅವನ ಗೆಳೆಯ ನನ್ನ ಏಪ್ರನ್ ಹಿಡಿದು "ಡಾಕ್ಟ್ರೇ, ಬಿಟ್ಟು ಹೋಗ್ತಾ ಇದ್ದೀರಾ?" ಅಂದ. ಉತ್ತರ ಹೇಳಲಿಲ್ಲ. ಮುಂದಿನವರ ನಾಡಿ ಹಿಡಿದೆ, ನನ್ನ ಬೆರಳೇ ನಡುಗುತ್ತಿದ್ದರಿಂದ ಎರಡು ಸಲ ನೋಡಬೇಕಾಯಿತು. ಆ ಯುವಕನಿಗೆ ಯಾವ ಬಣ್ಣವನ್ನೂ ಕಟ್ಟಲಿಲ್ಲ. ರಿಬ್ಬನ್ ಇಲ್ಲ ಅಂದರೆ ಏನು ಅಂತ ನಮ್ಮವರಿಗೆ ಗೊತ್ತಿತ್ತು.

ಮಕ್ಕಳ ಲೆಕ್ಕ ಬೇರೆ. ಮಗು ಉಸಿರಾಡದೆ ನಾಡಿ ಇದ್ದರೆ ಐದು ಸಲ ಉಸಿರು ಕೊಟ್ಟು ನೋಡಿಯೇ ಮುಂದೆ ಹೋಗಬೇಕು. ಆ ಬಸ್ಸಿನಲ್ಲಿ ಒಂದೇ ಮಗು, ಅಮ್ಮನ ಕಂಕುಳಲ್ಲಿ ಹಸಿರಿನವರ ಜೊತೆ ಹೋಗಿಬಿಟ್ಟಿತ್ತು. ಎತ್ತಿಕೊಂಡ ಮಗುವನ್ನು ನಡೆದವರ ಲೆಕ್ಕಕ್ಕೆ ಸೇರಿಸಬಾರದು ಅಂತ ನೆನಪಾಗಿ ಓಡಿದೆ. ಪುಣ್ಯಕ್ಕೆ ಬಿಸ್ಕತ್ತು ತಿನ್ನುತ್ತಿತ್ತು.

ಬಿಸ್ಕತ್ತು ಎಲ್ಲಿಂದ ಬಂತು ಅಂದರೆ, ಎದುರಿನ ಹೋಟೆಲಿನವರು ಪಾಪ ಎಲ್ಲರಿಗೂ ಟೀ ಹಂಚುತ್ತಿದ್ದರು. ಒಳ್ಳೆ ಮನಸ್ಸು, ಆದರೆ ಹೊಟ್ಟೆಗೆ ಪೆಟ್ಟಾದವರಿಗೆ ಆಪರೇಷನ್ ಬೇಕಾಗಬಹುದು, ಹೊಟ್ಟೆ ಖಾಲಿ ಇರಬೇಕು. ಅದನ್ನು ನಿಲ್ಲಿಸಲು ಹೋದಾಗಲೇ ಒಬ್ಬರು ಟೀ ಬೇಡ ಅಂತ ತಲೆ ಆಡಿಸಿದ್ದು ಕಂಡಿತು. ಐವತ್ತರ ಆಸುಪಾಸು, ಹಸಿರು ಬಟ್ಟೆ ಕಟ್ಟಿದ್ದು ನಾನೇ. ಹಣೆಯಲ್ಲಿ ತಣ್ಣನೆಯ ಬೆವರು. "ನೀರು ಸಾಕಮ್ಮ" ಅಂದರು. ಆ ಮಾತು ನಾನು ಹಿಂದೆ ಒಮ್ಮೆ ಕೇಳಿದ್ದೆ. ಮಣಿಕಟ್ಟಿನಲ್ಲಿ ನಾಡಿ ಇರಲಿಲ್ಲ. ಹಸಿರು ಬಿಚ್ಚಿ ಕೆಂಪು ಕಟ್ಟಿ ನಾವೇ ಹೊತ್ತು ಒಳಗೆ ತಂದೆವು. ಬಣ್ಣ ಕಟ್ಟಿದ ಮೇಲೂ ತಿರುಗಿ ತಿರುಗಿ ನೋಡುತ್ತಲೇ ಇರಬೇಕು ಅನ್ನುವುದು ಪುಸ್ತಕದಲ್ಲಿ ಒಂದು ಸಾಲು.

ಕೆಂಪಿನವರು ಏಳು ಆದರು. ರಕ್ತ ಹೋಗುತ್ತಿದ್ದವರಿಗೆ, ರಕ್ತಸ್ರಾವ ಕಡಿಮೆ ಮಾಡುವ ಟ್ರಾನೆಕ್ಸಾಮಿಕ್ ಆಸಿಡ್ 1 ಗ್ರಾಂ. ಅದನ್ನು ಪೆಟ್ಟಾದ 3 ಗಂಟೆಯೊಳಗೇ ಕೊಡಬೇಕು, ಅದಕ್ಕೆ ಅಪಘಾತದ ಸಮಯವನ್ನು ಗೋಡೆಯ ಬೋರ್ಡಿನಲ್ಲಿ ದಪ್ಪಗೆ ಬರೆಸಿದ್ದೆ. ಪೊಲೀಸ್ ಕೇಸಿಗಾಗಿ ಗಾಯಾಳುಗಳ ವಿವರ ಬರೆಯುವ ಎಂಎಲ್‌ಸಿ ಪುಸ್ತಕ ಆಮೇಲೆ. ಮೊದಲು ಜೀವ, ಪೊಲೀಸ್ ಕಾಗದ ನಂತರ ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಕಾರಿನಲ್ಲಿ ತಂದು ಬಿಟ್ಟವರು ಸಾಕ್ಷಿ ಆಗಬೇಕಾ ಅಂತ ಹೆದರಿ ಜಾರಿಕೊಳ್ಳುತ್ತಿದ್ದರು. 2019ರ ಮೋಟಾರು ವಾಹನ ಕಾಯ್ದೆ ತಿದ್ದುಪಡಿಯಡಿ ಬಂದ ನಿಯಮಗಳ ಪ್ರಕಾರ ಹೆಸರು ಕೊಡುವಂತೆ ಅವರನ್ನು ಬಲವಂತ ಮಾಡುವ ಹಾಗಿಲ್ಲ ಅಂತ ಸೆಕ್ಯುರಿಟಿ ಕೈಲಿ ಹೇಳಿಸಿದೆ. ಇಬ್ಬರು ವಾಪಸ್ ಬಂದು ಸ್ಟ್ರೆಚರ್ ತಳ್ಳಿದರು.

ಆದರೂ ಒಂದು ಕಡೆ ಎಡವಿದೆವು. ಯಾರನ್ನು ಯಾವ ಆಂಬುಲೆನ್ಸ್‌ನಲ್ಲಿ ಎಲ್ಲಿಗೆ ಕಳಿಸಿದೆವು ಅಂತ ಯಾರೂ ಬರೆದಿಡಲಿಲ್ಲ. ಬೆಳಿಗ್ಗೆ ಏಳಕ್ಕೆ ಒಬ್ಬಾಕೆ ಗಂಡನನ್ನು ಹುಡುಕಿಕೊಂಡು ಬಂದರು, ವಾರ್ಡು, ಓಟಿ, ಕೊನೆಗೆ ಶವಾಗಾರ ಕೂಡ ನೋಡಿ ಬಂದರು. ಆತ ಬೇರೆ ಊರಿನ ಆಸ್ಪತ್ರೆಯಲ್ಲಿ ಕಾಲಿಗೆ ಪಟ್ಟಿ ಹಾಕಿಸಿಕೊಂಡು ಮಲಗಿದ್ದ ಅಂತ ತಿಳಿಯಲು ಎರಡು ಗಂಟೆ ಹಿಡಿಯಿತು. ಈಗ ರಿಬ್ಬನ್ ಜೊತೆ ಎದೆಗೆ ಒಂದು ತುಂಡು ಪ್ಲಾಸ್ಟರ್ ಅಂಟಿಸಿ ನಂಬರ್ ಬರೆಯುತ್ತೇವೆ. ಅದೇ ನಂಬರ್, ಗಾಡಿ, ಹೋದ ಜಾಗ ಬೋರ್ಡಿನ ಮೇಲೆ. ಬರೆಯಲಿಕ್ಕೆಂದೇ ಒಬ್ಬರು, ಅವರು ಬೇರೆ ಏನೂ ಮುಟ್ಟುವಂತಿಲ್ಲ.

ಮಾರ್ಕರ್, ಪ್ಲಾಸ್ಟರ್, ಕತ್ತರಿ, ರಿಬ್ಬನ್ ಎಲ್ಲ ಒಂದೇ ಡಬ್ಬಿಯಲ್ಲಿದೆ. ಹೋದ ನವೆಂಬರಿನಲ್ಲಿ ಧ್ವಜದ ಕಂಬಕ್ಕೆ ಕಟ್ಟಲು ಗ್ರೂಪ್ ಡಿ ಅಣ್ಣ ಅದಕ್ಕೆ ಕೈ ಹಾಕಿದ್ದರು. ಸಿಸ್ಟರ್ ಐವತ್ತು ರೂಪಾಯಿ ಕೊಟ್ಟು ಅವರನ್ನು ಫ್ಯಾನ್ಸಿ ಸ್ಟೋರ್‌ಗೆ ಅಟ್ಟಿದರು.