ಕಡಲೆಕಾಯಿ ಆಕಾರದ ಸಿಡಿ: ಪರಿಷೆಯಲ್ಲಿ ಹಂಚಿದ ನನ್ನ ಅನುಭವ

ಬಸವನಗುಡಿಯಲ್ಲಿ ನನ್ನದೊಂದು ಸಣ್ಣ ಫೋಟೋ ಸ್ಟುಡಿಯೋ. ಕಡಲೆಕಾಯಿ ಪರಿಷೆಗೆ ಬಂದವರಿಗೆ ಕಡಲೆಕಾಯಿ ಆಕಾರದ ಸಿಡಿ ಹಂಚುತ್ತೇನೆ ಅಂದಾಗ ಪಕ್ಕದ ಪ್ರೆಸ್‌ನವರು ತಲೆ ಅಲ್ಲಾಡಿಸಿದರು. 'ಸಾರ್, ಒಂದು ರೂಪಾಯಿಗೆ ಪಾಂಪ್ಲೆಟ್ ಹೊಡೆದುಕೊಡ್ತೀನಿ. ಸುಮ್ನೆ ದುಡ್ಡು ಯಾಕೆ ಹಾಳು ಮಾಡ್ಕೋತೀರಾ?' 2007ರಲ್ಲಿ ಅವರ ಮಾತೇ ನಿಜವಾಯಿತು. 2008ರಲ್ಲಿ ನನ್ನದು ಗೆದ್ದಿತು.

ನಾನು ವಿಚಾರಿಸಿದ ಕಡೆಯೆಲ್ಲ ಆಕಾರದ ಸಿಡಿ ಬೇಕಾದರೆ ಕನಿಷ್ಠ ಸಾವಿರ ತಗೊಳ್ಳಿ ಅಂದರು. ನನಗೆ ಬೇಕಿದ್ದದ್ದು ಮುನ್ನೂರು. ಎಸ್.ಪಿ. ರೋಡಿನಿಂದ ಖಾಲಿ ಸಿಡಿ ತಂದೆ, ಒಂದಕ್ಕೆ ಒಂಬತ್ತು ರೂಪಾಯಿ ಬಿದ್ದ ನೆನಪು. ಫೋಟೋ ತುಂಬಿ, ಆಮೇಲೆ ಕತ್ತರಿಸುವುದು ಅಂತ ಲೆಕ್ಕ.

ಕತ್ತರಿ ಹಾಕಿದರೆ ಅಂಚಿನಿಂದ ಒಳಗಡೆಗೆ ಬಿರುಕು. ಬೋರ್ಡ್ ಮಾಡುವವರ ಹತ್ತಿರ ಲೇಸರ್ ಹಿಡಿಸಿದೆ. ಆಕ್ರಿಲಿಕ್ ನೀಟಾಗಿ ಕಟ್ ಆಗುತ್ತದೆ, ಆದರೆ ಸಿಡಿ ಪಾಲಿಕಾರ್ಬೊನೇಟ್, ಅಂಚೆಲ್ಲ ಕಪ್ಪಗೆ ಸುಟ್ಟಿತು. ಕೊನೆಗೆ ಪೀಣ್ಯದಲ್ಲಿ ರೂಟರ್ ಮೆಷಿನ್ (ತಿರುಗುವ ಬಿಟ್‌ನಿಂದ ಕೊರೆದು ಕತ್ತರಿಸುವ ಯಂತ್ರ) ಇಟ್ಟಿರುವ ಒಬ್ಬರು ಒಪ್ಪಿದರು, ಒಂದಕ್ಕೆ ಆರು ರೂಪಾಯಿ. ಕಟಿಂಗ್ ಚೆನ್ನಾಗಿತ್ತು. ಆದರೆ ಎರಡೇ ದಿನಕ್ಕೆ ಅಂಚಿನಿಂದ ಬೆಳ್ಳಿ ಪದರ ಸಿಪ್ಪೆಯ ಹಾಗೆ ಏಳತೊಡಗಿತು.

ಇನ್ನೊಂದು ತಪ್ಪು ಪೂರ್ತಿ ನನ್ನದೇ. ನಿಜವಾದ ಕಡಲೆಕಾಯಿ ಥರ ಒಂದು ಬುಡ್ಡೆ ದೊಡ್ಡದು, ಒಂದು ಚಿಕ್ಕದು ಮಾಡಿಸಿದ್ದೆ. ಕಂಪ್ಯೂಟರಿನ ವೇಗದ 52ಎಕ್ಸ್ ಸಿಡಿ ಡ್ರೈವ್‌ನಲ್ಲಿ ಸಿಡಿ ನಿಮಿಷಕ್ಕೆ 10,000 ಸುತ್ತಿನ ಹತ್ತಿರ ತಿರುಗುತ್ತದೆ. ತೂಕ ಒಂದು ಕಡೆ ವಾಲಿದರೆ ಕೇಳಬೇಕಾ, ಸಿಪಿಯು ಡಬ್ಬವೇ ಗಡಗಡ ಅಂದಿತು. ಆ ವರ್ಷ ಐದು ಸಾವಿರದ ಮೇಲೆ ಹೋಯಿತು, ಬಂದ ಆರ್ಡರ್ ಸೊನ್ನೆ.

ಮುಂದಿನ ವರ್ಷ ಎರಡು ಬುಡ್ಡೆಯನ್ನೂ ಒಂದೇ ಅಳತೆ ಮಾಡಿದೆ. ಉದ್ದ ಪೂರ್ತಿ 12 ಸೆಂ.ಮೀ. ಬಿಟ್ಟೆ, ಆಗ ಟ್ರೇಯಲ್ಲಿ ಅಲ್ಲಾಡದೆ ಕೂರುತ್ತದೆ. ಸೊಂಟ 62 ಮಿ.ಮೀ. ಸಿಡಿ ಒಳಗಿನಿಂದ ಹೊರಗೆ ಓದುತ್ತದೆ ಅಲ್ವಾ, ಸೊಂಟದೊಳಗೆ ಹಿಡಿಯುವ ಉಂಗುರದಲ್ಲಿ ಸುಮಾರು 50 ಎಂಬಿ ಸಿಕ್ಕಿತು. ಮದುವೆ ಆಲ್ಬಂನ ನಲವತ್ತು ಫೋಟೋ, ಹಿಂದಿನ ಪರಿಷೆಯ ಇಪ್ಪತ್ತು ಫೋಟೋ, ರೇಟ್ ಕಾರ್ಡ್. ಧಾರಾಳ.

ಬೆಳ್ಳಿ ಪದರಕ್ಕೆ ಸಿಕ್ಕ ಉಪಾಯ ಇದು. ಅದು ಇರುವುದು ಲೇಬಲ್ ಕಡೆ, ಬಣ್ಣದ ಕೆಳಗೇ. ಸಿಡಿ ರೈಟ್ ಮಾಡಿದ ಮೇಲೆ ಉಂಗುರದ ಹೊರಗೆ ಲೇಬಲ್ ಕಡೆಯಿಂದ ಸುತ್ತಲೂ ಗೀರಬೇಕು. ಪ್ಯಾಕಿಂಗ್ ಟೇಪ್ ಒತ್ತಿ ಅಂಟಿಸಿ ಸರ್ರನೆ ಎಳೆದರೆ ಹೊರಗಿನ ಬೆಳ್ಳಿಯೆಲ್ಲ ಟೇಪ್ ಜೊತೆ ಬರುತ್ತದೆ. ಉಳಿದ ಬಣ್ಣವನ್ನು ಸ್ಪಿರಿಟ್‌ನಲ್ಲಿ ಒರೆಸಿದರೆ ಬುಡ್ಡೆ ಎರಡೂ ಗಾಜಿನ ಹಾಗೆ ಪಾರದರ್ಶಕ! ಅದರ ಮೇಲೆ ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಸಿಪ್ಪೆಯ ಗೆರೆ, ಅಂಗಡಿ ಹೆಸರು. ನಡುವೆ ಬೆಳ್ಳಿ ಉಂಗುರ ಮಾತ್ರ ಹೊಳೆಯುತ್ತದೆ. ನಮ್ಮ ಲೈನಿನಲ್ಲಿ ಇಷ್ಟು ಚೆಂದದ್ದು ಬೇರೆ ಯಾರೂ ಕೊಟ್ಟಿಲ್ಲ ಅಂತ ಧೈರ್ಯವಾಗಿ ಹೇಳುತ್ತೇನೆ. ಗೀರಲು ಏನು ಬಳಸುತ್ತೇನೆ, ಉಂಗುರದ ಅಂಚಿಗೆ ಏನು ಸವರುತ್ತೇನೆ ಅನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ.

ನಡುವೆ ದೊಡ್ಡಬಸವಣ್ಣನ ಆಕಾರವನ್ನೂ ನೋಡಿದೆ. ತಲೆಯ ಕಡೆ ಭಾರ. ಹಿಂಭಾಗ ದಪ್ಪ ಮಾಡಿ ತೂಕ ಸರಿದೂಗಿಸಿದರೆ ಬಸವಣ್ಣ ಬಸವಣ್ಣನ ಹಾಗೆ ಕಾಣಲಿಲ್ಲ. ಹತ್ತು ಮಾಡಿಸಿ ಬಿಟ್ಟೆ. ಮಾವಿನಕಾಯಿಯೂ ಅಷ್ಟೇ, ವಾಲುತ್ತದೆ.

ಒಂದು ವಿಷಯದಲ್ಲಿ ಎಲ್ಲರೂ ಹುಷಾರಾಗಿರಿ. ಮೊದಲ ದಿನ ಕೊಟ್ಟ ಒಂದು ಸಿಡಿಯನ್ನು ಗಿರಾಕಿಯೊಬ್ಬರು ಕಾರಿನ ಪ್ಲೇಯರ್‌ಗೆ ತಳ್ಳಿಬಿಟ್ಟರು. ಸಂದಿಯೊಳಗೆ ಎಳೆದುಕೊಳ್ಳುವ ಪ್ಲೇಯರ್‌ಗೆ ದುಂಡಗಿನ ಸಿಡಿಯೇ ಬೇಕು. ಬಿಚ್ಚಿಸಲು ಎಂಟುನೂರು ಆಯಿತು, ನಾನೇ ಕೊಟ್ಟೆ. ಅವತ್ತು ರಾತ್ರಿಯೇ ಕೂತು ಉಳಿದ ಎಲ್ಲ ಕವರ್‌ಗೂ 'ಟ್ರೇ ಇರುವ ಕಂಪ್ಯೂಟರ್‌ಗೆ ಮಾತ್ರ' ಅಂತ ಸ್ಟಿಕ್ಕರ್ ಹಚ್ಚಿದೆವು.

ಮುನ್ನೂರರಲ್ಲಿ ಕೆಟ್ಟವು ನಲವತ್ತೋ ಐವತ್ತೋ. ಎಲ್ಲ ಸೇರಿ ಒಂದಕ್ಕೆ ಇಪ್ಪತ್ತನಾಲ್ಕು ರೂಪಾಯಿ ಹತ್ತಿರ ಬಿತ್ತು. ಪಾಂಪ್ಲೆಟ್‌ಗಿಂತ ಎಷ್ಟೋ ಜಾಸ್ತಿ, ನಿಜ. ಆದರೆ ಪರಿಷೆ ಮುಗಿದ ಮಾರನೇ ದಿನ ಬುಲ್ ಟೆಂಪಲ್ ರಸ್ತೆಯ ಉದ್ದಕ್ಕೂ ನಡೆದು ನೋಡಿದೆ. ಕಡಲೆಕಾಯಿ ಸಿಪ್ಪೆಯ ಜೊತೆ ರಾಶಿ ರಾಶಿ ಪಾಂಪ್ಲೆಟ್ ಬಿದ್ದಿತ್ತು. ನನ್ನ ಸಿಡಿ ಒಂದೂ ಇರಲಿಲ್ಲ. ಮೂರು ತಿಂಗಳಲ್ಲಿ ಸಿಡಿ ಹಿಡಿದುಕೊಂಡೇ ಬಂದವರು ಹನ್ನೊಂದು ಜನ, ಅದರಲ್ಲಿ ನಾಲ್ಕು ಮದುವೆ ಆರ್ಡರ್. ಪ್ರೆಸ್‌ನವರ ಮಗಳ ನಿಶ್ಚಿತಾರ್ಥವೂ ನನಗೇ ಬಂತು. ಅವರ ಕೌಂಟರಿನ ಗಾಜಿನ ಕೆಳಗೆ ಈಗಲೂ ಒಂದು ಕಡಲೆಕಾಯಿ ಇದೆ.