ಮನೆ ಬೆಕ್ಕಿಗೊಂದು ಚಿತ್ರಪುಸ್ತಕ: 4 ಹಾಳೆ, 16 ಪುಟ

ಮನೆಯ ಬೆಕ್ಕಿನ ಮೇಲೆ ಮಕ್ಕಳ ಪುಸ್ತಕ ಮಾಡಲು ಹೊರಟವರು ಹೆಚ್ಚಾಗಿ ಎಡವುವುದು ಮೊದಲ ಸಾಲಿನಲ್ಲೇ. "ನಮ್ಮ ಮನೆಯಲ್ಲಿ ಒಂದು ಮುದ್ದಾದ ಬೆಕ್ಕು ಇತ್ತು" ಅನ್ನುವುದು ಊರಿನ ಯಾವ ಬೆಕ್ಕಿಗೂ ಹೊಂದುತ್ತದೆ. ನಿಮ್ಮ ಬೆಕ್ಕಿಗೆ ಮಾತ್ರ ಇರುವ ಒಂದು ಚಾಳಿ ಬೇಕು. ಮಡಿಸಿಟ್ಟ ಬಟ್ಟೆ ಕಂಡರೆ ಹೋಗಿ ಮಲಗುವುದು, ಕುಕ್ಕರ್ ಕೂಗಿದರೆ ಮಂಚದಡಿ ಓಡುವುದು, ಯಾವುದಾದರೂ ಸರಿ. ಎರಡು ಚಾಳಿ ಹಿಡಿದರೆ ಕತೆಯೂ ಎರಡಾಗುತ್ತದೆ.

ಚಿತ್ರಕ್ಕೆ ಕೈ ಹಾಕುವ ಮೊದಲು ಒಂದು ಕಚ್ಚಾ ಪುಸ್ತಕ ಮಾಡಿಕೊಳ್ಳಿ. 4 ಎ4 ಹಾಳೆಗಳನ್ನು ಒಟ್ಟಿಗೆ ಅರ್ಧಕ್ಕೆ ಮಡಿಸಿದರೆ 16 ಪುಟ. ಪೆನ್ಸಿಲಿನಲ್ಲಿ ಪುಟಸಂಖ್ಯೆ ಹಾಕಿ. 1ರಲ್ಲಿ ಶೀರ್ಷಿಕೆ, 2ರಲ್ಲಿ ಬರೆದವರ, ಬಿಡಿಸಿದವರ ಹೆಸರು, 3ರಿಂದ 15ರವರೆಗೆ ಕತೆ, 16ರಲ್ಲಿ ಒಂದು ಪುಟ್ಟ ಚಿತ್ರ.

ಚಿತ್ರಪುಸ್ತಕದ ಗುಟ್ಟೆಲ್ಲ ಹಾಳೆ ತಿರುವುವುದರಲ್ಲಿದೆ. ಬಲಗಡೆ ಪುಟದಲ್ಲಿ ಕುತೂಹಲ ಹುಟ್ಟಬೇಕು, ಉತ್ತರ ತಿರುವಿದ ಮೇಲೆ ಸಿಗಬೇಕು. ಚುಕ್ಕಿ ಎಂಬ ಬೆಕ್ಕು ಕಾಣೆಯಾದ ಕತೆ ಎಂದುಕೊಳ್ಳಿ. 7ನೇ ಪುಟ:

ಅಟ್ಟದ ಮೇಲೆ? ಇಲ್ಲ.
ಅಕ್ಕಿ ಮೂಟೆ ಹಿಂದೆ? ಇಲ್ಲ.
ಅಜ್ಜಿಯ ಸೀರೆ ಗೂಡು ಯಾಕೆ ಗುರ್ ಗುರ್ ಅಂತಿದೆ?

ತಿರುವಿದರೆ 8 ಮತ್ತು 9 ತುಂಬ ಒಂದೇ ಚಿತ್ರ: ಸೀರೆಗಳ ನಡುವೆ ಚುಕ್ಕಿ, ಮಗ್ಗುಲಲ್ಲಿ ಮೂರು ಮರಿ. ಪದ ಒಂದೂ ಬೇಡ. ಈ ಜಾಗವನ್ನೇ ಆರಿಸಲು ಇನ್ನೊಂದು ಕಾರಣವೂ ಇದೆ. ಕತೆಯ ಪುಟಗಳಲ್ಲಿ ಅಕ್ಕಪಕ್ಕದ ಎರಡು ಪುಟ ಒಂದೇ ಹಾಳೆಯ ಒಂದೇ ಮಗ್ಗುಲಲ್ಲಿ ಬರುವುದು 8-9 ಮಾತ್ರ. ಬೇರೆ ಕಡೆ ಎರಡು ಪುಟಕ್ಕೆ ಹಬ್ಬಿಸಿದ ಚಿತ್ರ ನಡುವೆ ಒಂದೆರಡು ಮಿಲಿಮೀಟರ್ ಜಾರುತ್ತದೆ. ಗೋಡೆ, ನೆಲ ಜಾರಿದರೆ ಯಾರಿಗೂ ಗೊತ್ತಾಗದು. ಬೆಕ್ಕಿನ ಮುಖ ಜಾರಿದರೆ ಮೂಗು ಸೊಟ್ಟ.

ಪುಟಕ್ಕೆ 15 ಪದ ದಾಟದಿರಲಿ. ಚಿತ್ರದಲ್ಲಿ ಕಂಡದ್ದನ್ನು ಮಾತಿನಲ್ಲಿ ಮತ್ತೆ ಹೇಳಬೇಡಿ. ಮನೆಯಲ್ಲಿ ಕೊತ್ತಿ ಎನ್ನುತ್ತಿದ್ದರೆ ಕೊತ್ತಿ, ಪುಚ್ಚೆ ಎನ್ನುತ್ತಿದ್ದರೆ ಪುಚ್ಚೆ. ತೀರಿಹೋದ ಬೆಕ್ಕಿನ ನೆನಪಿಗೆ ಮಾಡುವ ಪುಸ್ತಕವಾದರೆ "ನಿದ್ದೆ ಹೋಯಿತು" ಎಂದು ಬರೆಯಬೇಡಿ. ಸಣ್ಣ ಮಕ್ಕಳು ಅದನ್ನು ಇದ್ದಂತೆಯೇ ನಂಬಿ ತಾವು ಮಲಗಲು ಹೆದರಬಹುದು. "ಸತ್ತುಹೋಯಿತು" ಎಂಬ ನೇರ ಮಾತೇ ವಾಸಿ.

ಬೆಕ್ಕು ಬಿಡಿಸುವಾಗ ಎಲ್ಲರೂ ಕಣ್ಣನ್ನು ಹಣೆಗೆ ಏರಿಸುತ್ತಾರೆ. ಕಿವಿ ಬಿಟ್ಟು ತಲೆಯನ್ನು ಅಳೆದರೆ ಕಣ್ಣು ಸುಮಾರು ಅರ್ಧದಲ್ಲಿ ಬರುತ್ತದೆ. ಹಗಲು ಬೆಳಕಿನಲ್ಲಿ ಪಾಪೆ ನಿಂತ ಗೆರೆ, ಕತ್ತಲಲ್ಲಿ ದುಂಡು. ಮುಂಗಾಲಿಗೆ 5 ಬೆರಳು, ಹಿಂಗಾಲಿಗೆ 4. ಮುಂಗಾಲಿನ ಐದನೆಯದು ಒಳಮಗ್ಗುಲಲ್ಲಿ ಮೇಲಿರುವುದರಿಂದ ಎದುರಿನಿಂದ ನಾಲ್ಕೇ ಕಂಡರೂ ತಪ್ಪಲ್ಲ. ಬಾಲ ನೆಟ್ಟಗೆ ನಿಂತರೆ "ಬಂದ್ಯಾ?" ಎಂಬ ಸಲಿಗೆ, ಕಿವಿ ಹಿಂದಕ್ಕೆ ಅಂಟಿದರೆ ಹೆದರಿಕೆ ಇಲ್ಲವೇ ಸಿಟ್ಟು. ಇಷ್ಟು ಸರಿಯಿದ್ದರೆ ಬಾಯಿಗೆ ಮನುಷ್ಯರ ನಗು ಅಂಟಿಸುವ ಕೆಲಸವೇ ಬೀಳದು. ಕರಿ ಬೆಕ್ಕಿಗೆ ಬರೀ ಕಪ್ಪು ಮೆತ್ತಿದರೆ ಕಾಲು, ಮೈ ಎಲ್ಲ ಒಂದೇ ಮುದ್ದೆ. ಕಡುನೀಲಿ, ಕಂದು ಬೆರೆಸಿ, ಅಂಚಿನಲ್ಲಿ ತೆಳು ಗೆರೆ ಖಾಲಿ ಬಿಡಿ. ಬಿಳಿ ಬೆಕ್ಕಾದರೆ ಬಣ್ಣ ಹಚ್ಚಬೇಕಾದ್ದು ಹಿಂದಿನ ಗೋಡೆಗೆ.

ಜಲವರ್ಣಕ್ಕೆ 200 ಜಿಎಸ್‌ಎಂಗಿಂತ ತೆಳು ಕಾಗದ ಬೇಡ (ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬುದೇ ಜಿಎಸ್‌ಎಂ), ಒಣಗುವಾಗ ಅಲೆಯೇಳುತ್ತದೆ. ಮೂಲಚಿತ್ರವನ್ನು ಪುಸ್ತಕಕ್ಕೆ ಹೊಲಿಯದೆ, 300 ಡಿಪಿಐನಲ್ಲಿ (ಇಂಚಿಗೆ 300 ಬಿಂದು) ಸ್ಕ್ಯಾನ್ ಮಾಡಿ ಮುದ್ರಿಸಿ. ಅಕ್ಷರ 18 ಪಾಯಿಂಟ್ ಇರಲಿ. ಸಾಲುಗಳ ನಡುವೆ ಇಂಗ್ಲಿಷಿಗೆ ಬಿಡುವಷ್ಟೇ ಜಾಗ ಬಿಟ್ಟರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಸಾಲಿನ ಅಂತರ (ಲೈನ್ ಸ್ಪೇಸಿಂಗ್) 1.5ಕ್ಕಿಂತ ಕಡಿಮೆ ಬೇಡ. ಮುದ್ರಣದಂಗಡಿಗೆ ಪಿಡಿಎಫ್ ಕೊಡಿ. ವರ್ಡ್ ಕಡತ ಕೊಟ್ಟರೆ ಅಲ್ಲಿನ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದೆ ಒತ್ತು ಒಂದು ಕಡೆ, ಅಕ್ಷರ ಇನ್ನೊಂದು ಕಡೆ ಆದೀತು.

ಪುಟ ಜೋಡಣೆಗೆ ಒಂದೇ ಲೆಕ್ಕ: ಹಾಳೆಯ ಒಂದು ಮಗ್ಗುಲಿನ ಎರಡು ಸಂಖ್ಯೆ ಕೂಡಿದರೆ 17 ಬರಬೇಕು. ಎಡ-ಬಲ ಹೀಗೆ:

ಹಾಳೆ 1: ಹೊರಗೆ 16-1, ಒಳಗೆ 2-15
ಹಾಳೆ 2: ಹೊರಗೆ 14-3, ಒಳಗೆ 4-13
ಹಾಳೆ 3: ಹೊರಗೆ 12-5, ಒಳಗೆ 6-11
ಹಾಳೆ 4: ಹೊರಗೆ 10-7, ಒಳಗೆ 8-9

ಎರಡೂ ಮಗ್ಗುಲು ಮುದ್ರಿಸುವಾಗ ಪ್ರಿಂಟರಿನಲ್ಲಿ ಚಿಕ್ಕ ಅಂಚಿನ ಕಡೆ ಮಗುಚುವ ಆಯ್ಕೆ ಕೊಡದಿದ್ದರೆ ಹಿಂದಿನ ಪುಟಗಳು ತಲೆಕೆಳಗಾಗುತ್ತವೆ. ಮೊದಲು ಒಂದು ಹಾಳೆ ತೆಗೆದು ನೋಡಿ. ಒಳಪುಟಕ್ಕೆ 100 ಜಿಎಸ್‌ಎಂ, ಈ 4 ಹಾಳೆಗಳ ಹೊರಗೆ ಹೊದಿಸುವ ಬೇರೆ ಹಾಳೆಗೆ, ಅಂದರೆ ರಕ್ಷಾಪುಟಕ್ಕೆ, 200ರಿಂದ 250. ದಪ್ಪ ಕಾಗದವನ್ನು ನೇರ ಮಡಿಸಿದರೆ ಬೆನ್ನು ಬಿರಿಯುತ್ತದೆ; ಸ್ಕೇಲ್ ಇಟ್ಟು, ಇಂಕು ಮುಗಿದ ಬಾಲ್‌ಪೆನ್ನಿನಿಂದ ಗೀರಿ ಆಮೇಲೆ ಮಡಿಸಿ.

ಪಿನ್ ಹೊಡೆಯಬಹುದು, ಆದರೆ ಮಲೆನಾಡು ಕರಾವಳಿಯ ಮಳೆಗಾಲಕ್ಕೆ ಅದು ತುಕ್ಕು ಹಿಡಿಯುತ್ತದೆ. ದಾರವೇ ಮೇಲು. ರಕ್ಷಾಪುಟವನ್ನೂ ಸೇರಿಸಿ ಮಡಿಕೆಯಲ್ಲಿ ಮೂರು ತೂತು: ನಡುವೆ ಒಂದು, ಮೇಲಿನ ಮತ್ತು ಕೆಳಗಿನ ಅಂಚಿನಿಂದ 3 ಸೆಂ.ಮೀ. ಒಳಗೆ ಒಂದೊಂದು. ಗೋಣಿ ಹೊಲಿಯುವ ದಬ್ಬಣ ಬೇಡ, ತೂತು ಬಾಯಿ ಬಿಡುತ್ತದೆ. 55 ಸೆಂ.ಮೀ. ದಪ್ಪ ದಾರಕ್ಕೆ ಮೇಣದಬತ್ತಿ ಉಜ್ಜಿ. ಒಳಗಿನಿಂದ ನಡುವಿನ ತೂತಿನಲ್ಲಿ ಹೊರಗೆ ಬಂದು, ಮೇಲಿನದರಲ್ಲಿ ಒಳಹೋಗಿ, ನಡುವಿನದನ್ನು ಬಿಟ್ಟು ಕೆಳಗಿನದರಲ್ಲಿ ಹೊರಬಂದು, ಮತ್ತೆ ನಡುವಿನದರಲ್ಲೇ ಒಳಗೆ. ಒಳಗಿನ ಉದ್ದ ದಾರ ಎರಡು ತುದಿಗಳ ನಡುವೆ ಸಿಕ್ಕುವಂತೆ ಗಂಟು ಹಾಕಿ. ಬಿಗಿ ಮಾಡುವಾಗ ಬೆನ್ನಿನ ಉದ್ದಕ್ಕೇ ಎಳೆಯಿರಿ. ಮೇಲಕ್ಕೆ ಎತ್ತಿ ಎಳೆದರೆ ತೂತು ಹರಿಯುತ್ತದೆ.

ಒಳಗಿನ ಹಾಳೆಗಳು ಮುಂದಂಚಿನಲ್ಲಿ ಒಂದಿಷ್ಟು ಹೊರಚಾಚಿರುತ್ತವೆ. ಹೊಲಿದ ಮೇಲೆಯೇ ಕಬ್ಬಿಣದ ಸ್ಕೇಲ್ ಇಟ್ಟು ಹೊಸ ಬ್ಲೇಡಿನಲ್ಲಿ ಕತ್ತರಿಸಿ. ಒಂದೇ ಏಟಿಗೆ ಒತ್ತಬೇಡಿ, ಹಗುರವಾಗಿ ನಾಲ್ಕೈದು ಸಲ ಎಳೆಯಿರಿ. ಅಷ್ಟು ಹೊತ್ತು ಬೆಕ್ಕನ್ನು ಬೇರೆ ಕೋಣೆಯಲ್ಲಿ ಕೂಡಿಹಾಕುವುದು ಒಳ್ಳೆಯದು. ಮೇಜಿನ ಮೇಲೆ ಹಾಳೆ ಹರಡಿದ್ದು ಕಂಡರೆ ಅದು ಸರಿಯಾಗಿ ಅದರ ಮೇಲೆಯೇ ಬಂದು ಕೂರುತ್ತದೆ.